ಕಾಣದ ದಾಳಿಗೆ ಸಾಕ್ಷಿ ಯಾರು?

ಬಾಂಬು ಬಿದ್ದ ಊರಿನಲ್ಲಿ ಹಳ್ಳವೊಂದು ಉಳಿಯುತ್ತದೆ. ಯಾರು ಬೇಕಾದರೂ ಹೋಗಿ ಅದನ್ನು ನೋಡಬಹುದು, ಅಳೆಯಬಹುದು. ಗಣಕಯಂತ್ರಗಳ ಮೇಲೆ ನಡೆಯುವ ಸೈಬರ್ ದಾಳಿಯಾದರೋ ಇಂತಹ ಗುರುತನ್ನು ಬಿಡುವುದಿಲ್ಲ. ಅದರ ಕುರುಹುಗಳು ಅಡಗಿರುವುದು ಯಂತ್ರದ ಸ್ಮರಣಕೋಶದಲ್ಲಿ. ಅವನ್ನು ಓದಬಲ್ಲವರು ಕೆಲವೇ ಮಂದಿ. ಆ ಕೆಲವರಲ್ಲಿಯೂ ಅನೇಕರು ರಕ್ಷಣೆಯ ತಂತ್ರಾಂಶಗಳನ್ನು ತಯಾರಿಸಿ ಮಾರುವ ಸಂಸ್ಥೆಗಳಿಗೆ ಸೇರಿದವರು. ಊರಿನಲ್ಲಿ ಕಳ್ಳರಿದ್ದಾರೆಂದು ಬೀಗ ಮಾರುವವನೇ ಬಂದು ಹೇಳಿದರೆ ಸಂದೇಹ ಮೂಡುವುದು ಸಹಜ. ಆದರೆ ಬೀಗ ಮಾರುವವನು ಹೇಳಿದ ಮಾತ್ರಕ್ಕೆ ಕಳ್ಳರು ಇಲ್ಲವೆಂದಾಗುವುದೆ? ಈ ಪ್ರಶ್ನೆಯನ್ನು ನಿಜವಾಗಿ ನಡೆದ ಒಂದು ಘಟನೆಯ ಮೂಲಕ ವಿಚಾರಿಸೋಣ.

ಮೂಕವಾದ ಮೋಡೆಮುಗಳು

2022ರ ಫೆಬ್ರವರಿ 24ರಂದು ರಷ್ಯದ ಸೇನೆ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣವನ್ನು ಆರಂಭಿಸಿತು. ಅದೇ ಮುಂಜಾನೆ, ಅಮೆರಿಕದ ವಯಾಸ್ಯಾಟ್ ಸಂಸ್ಥೆಯ 'ಕೆಎ-ಸ್ಯಾಟ್' ಉಪಗ್ರಹದ ಮೂಲಕ ಇಂಟರ್‌ನೆಟ್ ಪಡೆಯುತ್ತಿದ್ದ ಮೋಡೆಮುಗಳು ಒಂದೊಂದಾಗಿ ಮೂಕವಾದವು. ಉಕ್ರೇನಿನಲ್ಲಿ ಕೆಲವು ಸಾವಿರ, ಯೂರೋಪಿನ ಇತರ ದೇಶಗಳಲ್ಲಿ ಹತ್ತಾರು ಸಾವಿರ ಗ್ರಾಹಕರಿಗೆ ಸಂಪರ್ಕ ತಪ್ಪಿಹೋಯಿತು. ಯುದ್ಧದಿಂದ ದೂರವಿದ್ದ ಜರ್ಮನಿಯಲ್ಲಿಯೂ ಸುಮಾರು 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆ ನಿಂತುಹೋಯಿತು. ಯಂತ್ರಗಳು ತಮ್ಮಷ್ಟಕ್ಕೆ ತಿರುಗುತ್ತಲೇ ಇದ್ದವು. ಆದರೆ ಅವುಗಳ ಯೋಗಕ್ಷೇಮವನ್ನು ದೂರದಿಂದ ತಿಳಿಯುವ ದಾರಿ ಮುಚ್ಚಿತ್ತು.

ಆದುದೇನು? ಪ್ರತಿ ಮೋಡೆಮಿನಲ್ಲಿಯೂ 'ಫ್ಲಾಶ್' ಎಂಬ ಸ್ಮರಣಕೋಶವುಂಟು. ವಿದ್ಯುತ್ತು ಹೋದರೂ ಅದರೊಳಗಿನ ಬರಹ ಅಳಿಯದು. ಯಂತ್ರವು ಮತ್ತೆ ಎಚ್ಚೆತ್ತಾಗ ತಾನು ಮಾಡಬೇಕಾದ ಕೆಲಸವನ್ನು ಆ ಬರಹದಿಂದಲೇ ಅರಿಯುತ್ತದೆ. ದಾಳಿಕಾರರು ಈ ಬರಹದ ಮೇಲೆ ಅರ್ಥವಿಲ್ಲದ ಅಂಕಿಗಳನ್ನು ಬರೆಯಿಸಿದರು. ಓಲೆಗರಿಯ ಅಕ್ಷರಗಳ ಮೇಲೆ ಮಸಿ ಬಳಿದಂತೆ, ಗರಿ ಉಳಿಯಿತು, ಬರಹ ಹೋಯಿತು. ಕೊನೆಗೆ ಸಂಸ್ಥೆಯು ಸುಮಾರು 30,000 ಹೊಸ ಮೋಡೆಮುಗಳನ್ನು ಕಳುಹಿಸಬೇಕಾಯಿತು.

ಹಿತಾಸಕ್ತಿಯುಳ್ಳ ಸಾಕ್ಷಿಗಳು

ಇದನ್ನು ಜಗತ್ತಿಗೆ ತಿಳಿಸಿದವರು ಯಾರು? ಮೊದಲನೆಯದಾಗಿ, ವಯಾಸ್ಯಾಟ್ ಸಂಸ್ಥೆಯೇ. ಸರಿಯಾಗಿ ಅಳವಡಿಸದಿದ್ದ ಒಂದು ಉಪಕರಣದ ಮೂಲಕ ದಾಳಿಕಾರರು ಒಳನುಗ್ಗಿ, ಮೋಡೆಮುಗಳಿಗೆ ಅಧಿಕೃತ ರೂಪದ ಆಜ್ಞೆಗಳನ್ನೇ ಕಳುಹಿಸಿದರೆಂದು ಅದು ಮಾರ್ಚ್ 30ರಂದು ವರದಿ ಮಾಡಿತು. ತನ್ನ ಹೆಸರು ಕೆಡದಿರಲೆಂಬ ಆಸೆ ಅದಕ್ಕಿರಬಹುದು. ಎರಡನೆಯದು ಸೆಂಟಿನೆಲ್‌ಒನ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆ. ಸ್ಮರಣಕೋಶವನ್ನು ಅಳಿಸುವ 'ಆಸಿಡ್‌ರೇನ್' ಎಂಬ ಕ್ರಮವಿಧಿಯನ್ನು ಗುರುತಿಸಿ, ಮರುದಿನವೇ ಅದು ತನ್ನ ವಿಶ್ಲೇಷಣೆಯನ್ನು ಪ್ರಕಟಿಸಿತು. ಭಯ ಹೆಚ್ಚಿದಷ್ಟೂ ಅದರ ವ್ಯಾಪಾರ ಹೆಚ್ಚುವುದು ಸಾಧ್ಯ. ಮೂರನೆಯವು ಸರ್ಕಾರಗಳು. ಮೇ 10ರಂದು ಐರೋಪ್ಯ ಒಕ್ಕೂಟ, ಬ್ರಿಟನ್ ಮತ್ತು ಅಮೆರಿಕ ಈ ದಾಳಿಯ ಹೊಣೆಯನ್ನು ರಷ್ಯದ ಮೇಲೆ ಹೊರಿಸಿದವು. ಅವೂ ಉಕ್ರೇನಿನ ಪಕ್ಷದವೇ.

ಹೀಗಿರಲು ನಂಬುವುದು ಯಾರನ್ನು? ವಿಜ್ಞಾನದ ಉತ್ತರವೆಂದರೆ, ಸಾಕ್ಷಿಯನ್ನಲ್ಲ, ಸಾಕ್ಷ್ಯವನ್ನು ನೋಡಬೇಕು. ಸ್ವತಂತ್ರ ಸಂಶೋಧಕನೊಬ್ಬನು ದಾಳಿಗೆ ತುತ್ತಾದ ಮೋಡೆಮೊಂದನ್ನೂ ತುತ್ತಾಗದ ಅದೇ ಬಗೆಯ ಇನ್ನೊಂದನ್ನೂ ತೆರೆದು, ಎರಡರ ಸ್ಮರಣಕೋಶಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದನು. ಪ್ರಯೋಗಶಾಲೆಯಲ್ಲಿ ನಾವು ಮಾಡುವ ತುಲನಾತ್ಮಕ ಪ್ರಯೋಗವೂ ಇದೇ ಅಲ್ಲವೆ? ಕೆಟ್ಟ ಮೋಡೆಮಿನಲ್ಲಿ ಕ್ರಮವಾಗಿ ಇಳಿಯುತ್ತ ಹೋಗುವ ಅಂಕಿಗಳ ಸಾಲು ಕಂಡಿತು. ಆಸಿಡ್‌ರೇನ್ ಬರೆಯುವುದೂ ಅಂತಹ ಸಾಲನ್ನೇ. ಈ ಹೊಂದಿಕೆಯು ಯಾವ ಕಂಪೆನಿಯ ಲಾಭನಷ್ಟವನ್ನೂ ಅವಲಂಬಿಸಿಲ್ಲ.

ಆದರೆ ಏನು ನಡೆಯಿತೆಂಬುದು ಒಂದು ಪ್ರಶ್ನೆ, ಯಾರು ಮಾಡಿದರೆಂಬುದು ಮತ್ತೊಂದು. ಮೊದಲನೆಯದಕ್ಕೆ ಸ್ಮರಣಕೋಶವೇ ಉತ್ತರಿಸುತ್ತದೆ, ಎರಡನೆಯದು ಕಠಿನ. ಆಸಿಡ್‌ರೇನಿಗೂ, ಅಮೆರಿಕವು ಹಿಂದೆ ರಷ್ಯದ್ದೆಂದು ಹೇಳಿದ್ದ ಇನ್ನೊಂದು ಕ್ರಮವಿಧಿಗೂ ಇರುವ ಹೋಲಿಕೆಯ ಬಗ್ಗೆ ತನ್ನ ವಿಶ್ವಾಸ 'ಮಧ್ಯಮ' ಮಟ್ಟದ್ದೆಂದು ಸೆಂಟಿನೆಲ್‌ಒನ್ ಸಂಸ್ಥೆಯೇ ಬರೆದಿತ್ತು.

ಹುಸಿ ಸುಳಿವು

ಈ ಎಚ್ಚರಿಕೆ ಏಕೆ ಅಗತ್ಯವೆಂಬುದನ್ನು 2018ರ ಘಟನೆಯೊಂದು ತೋರಿಸುತ್ತದೆ. ಆ ವರ್ಷದ ಫೆಬ್ರವರಿ 9ರಂದು ದಕ್ಷಿಣ ಕೊರಿಯದ ಪ್ಯೊಂಗ್‌ಚಾಂಗಿನಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಾಗುತ್ತಿದ್ದಂತೆಯೇ ಅಲ್ಲಿನ ಗಣಕಜಾಲದ ಮೇಲೆ ದಾಳಿ ನಡೆಯಿತು. ದಾಳಿಯ ಕ್ರಮವಿಧಿಯಲ್ಲಿದ್ದ ಒಂದು ಗುರುತು ಉತ್ತರ ಕೊರಿಯದ ಕಡೆಗೆ ಬೆರಳು ತೋರಿಸುತ್ತಿತ್ತು. ಮಾಸ್ಕೋ ನಗರದ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ತಜ್ಞರು ಪರೀಕ್ಷಿಸಿ, ಆ ಗುರುತಿಗೂ ಕ್ರಮವಿಧಿಯ ಒಡಲಿಗೂ ಹೊಂದಿಕೆಯಿಲ್ಲ, ಅದು ಬೇಕೆಂದೇ ಅಂಟಿಸಿದ ಸುಳ್ಳು ಗುರುತು ಎಂದು ತೋರಿಸಿಕೊಟ್ಟರು. 2020ರ ಅಕ್ಟೋಬರಿನಲ್ಲಿ ಅಮೆರಿಕವು ಆ ದಾಳಿಯ ಆರೋಪವನ್ನು ಹೊರಿಸಿದುದು ರಷ್ಯದ ಸೇನಾ ಗೂಢಚಾರ ಸಂಸ್ಥೆಯ ಅಧಿಕಾರಿಗಳ ಮೇಲೆ.

ಕ್ಯಾಸ್ಪರ್‌ಸ್ಕಿ ಸಂಸ್ಥೆಯೂ ಶಂಕೆಗೆ ಗುರಿಯಾಯಿತು. 2022ರ ಮಾರ್ಚಿನಲ್ಲಿ ಜರ್ಮನಿಯ ಸರ್ಕಾರಿ ಭದ್ರತಾ ಕಚೇರಿ ಅದರ ತಂತ್ರಾಂಶವನ್ನು ಬಳಸದಿರುವಂತೆ ಎಚ್ಚರಿಸಿತು. 2024ರಲ್ಲಿ ಅಮೆರಿಕ ಅದರ ಮಾರಾಟವನ್ನೇ ನಿಷೇಧಿಸಿತು. ಯುದ್ಧಕಾಲದಲ್ಲಿ ರಷ್ಯ ಸರ್ಕಾರದ ಒತ್ತಡಕ್ಕೆ ಅದು ಮಣಿಯಬೇಕಾದೀತೆಂಬುದು ಅವುಗಳ ಭಯ. ಸಂಸ್ಥೆ ಈ ಶಂಕೆಯನ್ನು ಅಲ್ಲಗಳೆಯಿತು. ಈ ಭಯಕ್ಕೆ ಕಾರಣವಿದ್ದರೂ ಇರಬಹುದು. ಆದರೂ 2018ರಲ್ಲಿ ಅದು ತೋರಿಸಿಕೊಟ್ಟ ಸತ್ಯ ಅದರಿಂದ ಸುಳ್ಳಾಗುವುದಿಲ್ಲ.

ನೆರವೂ ವ್ಯಾಪಾರವೂ

ಎದುರು ಪಕ್ಷದ ಸಂಸ್ಥೆಗಳಿಗೂ ಇದೇ ನ್ಯಾಯ ಸಲ್ಲಬೇಕು. ಮೈಕ್ರೋಸಾಫ್ಟ್ ಉಕ್ರೇನಿಗೆ ಉಚಿತವಾಗಿ ಬಹಳ ನೆರವು ನೀಡಿತು. ಅದರ ಒಟ್ಟು ಬೆಲೆ 40 ಕೋಟಿ ಡಾಲರುಗಳಿಗೂ ಹೆಚ್ಚೆಂದು 2022ರ ನವೆಂಬರಿನಲ್ಲಿ ತಾನೇ ಹೇಳಿಕೊಂಡಿತು. ಸರ್ಕಾರದ ಕಡತಗಳನ್ನು ದೇಶದ ಹೊರಗಿರುವ 'ಕ್ಲೌಡ್' ಗಣಕಗಳಿಗೆ ಸಾಗಿಸಿದುದು ಉಕ್ರೇನನ್ನು ರಕ್ಷಿಸಿತೆಂದು ಅದೇ ವರ್ಷದ ಜೂನ್ ತಿಂಗಳ ತನ್ನ ವರದಿಯಲ್ಲಿ ಬರೆಯಿತು. ಕ್ಲೌಡ್ ಸೇವೆಯನ್ನು ಮಾರುವುದೂ ಅದರ ಉದ್ಯೋಗವೇ! ಆದಕಾರಣ ವರದಿ ಸುಳ್ಳೆಂದು ತಳ್ಳುವುದೂ ತಪ್ಪು, ನಿಷ್ಕಾಮ ಸೇವೆಯೆಂದು ಹೊಗಳುವುದೂ ತಪ್ಪು. ಲಾಭದ ಆಸೆ ಕಂಡಲ್ಲಿ ಪರೀಕ್ಷೆ ಇನ್ನಷ್ಟು ಬಿಗಿಯಾಗಬೇಕು, ಅಷ್ಟೆ.

ಇಂತಹ ಸುದ್ದಿಯನ್ನು ಓದುವಾಗ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಕುರುಹುಗಳನ್ನು ಇತರರ ಪರೀಕ್ಷೆಗೆ ಒಡ್ಡಿದ್ದಾರೆಯೆ? ಬೇರೆ ಹಿತಾಸಕ್ತಿಯುಳ್ಳವರೂ ಅದೇ ತೀರ್ಮಾನಕ್ಕೆ ಬಂದಿದ್ದಾರೆಯೆ? ಹೇಳುವವರು ತಮ್ಮ ನಿಶ್ಚಯದ ಮಿತಿಯನ್ನು ತಿಳಿಸಿದ್ದಾರೆಯೆ? ಪ್ಯೊಂಗ್‌ಚಾಂಗಿನ ಸುಳ್ಳು ಗುರುತನ್ನು ಎಲ್ಲರೂ ನಂಬಿಬಿಟ್ಟಿದ್ದರೆ, ಮಾಡದ ತಪ್ಪಿಗೆ ಒಂದು ದೇಶ ಹೊಣೆಯಾಗುತ್ತಿತ್ತು. ಎಲ್ಲವನ್ನೂ ಕಂಪೆನಿಗಳ ಕಟ್ಟುಕಥೆಯೆಂದು ತಳ್ಳಿಬಿಟ್ಟರೆ, ಮೋಡೆಮುಗಳನ್ನು ಕೆಡಿಸಿದವರು ನಿಶ್ಚಿಂತರಾಗಿ ಉಳಿಯುವರು. ಇವೆರಡರ ನಡುವಿನ ದಾರಿ ಪರೀಕ್ಷೆಯ ದಾರಿ. ಅದು ನಿಧಾನವಾದದ್ದು, ಆದರೆ ನಮ್ಮನ್ನು ಗುರಿ ಮುಟ್ಟಿಸಬಲ್ಲದ್ದು ಅದೊಂದೇ.