ಮೂರು ಪಂದ್ಯ ಹೋದರೆ ಹೋಗಲಿ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಮದುವೆಯಾಗಿ ಬಂದಾಗಿನಿಂದ ಮುಂಬೈಯ ವಿಲೆ ಪಾರ್ಲೆ ಪೂರ್ವದಲ್ಲಿದ್ದೇವೆ. ಯಜಮಾನರು ಹೋಟೆಲೊಂದರಲ್ಲಿ ಮ್ಯಾನೇಜರ್. ಮಗ ಒಂಬತ್ತನೇ ಕ್ಲಾಸು, ಶಾಲೆಯ ಕ್ರಿಕೆಟ್ ತಂಡದ ಕ್ಯಾಪ್ಟನ್. ಈ ವರ್ಷದ ಹ್ಯಾರಿಸ್ ಶೀಲ್ಡ್ ಶಾಲಾ ಟೂರ್ನಿಯ ಮೇಲೆ ಮನೆಮಂದಿಯೆಲ್ಲ ಆಸೆ ಇಟ್ಟುಕೊಂಡಿದ್ದೆವು. ತಂಡದ ಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನು ಅದೇ ಶಾಲೆಯ ಖೋ-ಖೋ ತಂಡದ ಹುಡುಗಿಯೊಬ್ಬಳ ಮೈಕಟ್ಟಿನ ಬಗ್ಗೆ ಕೆಟ್ಟದಾಗಿ ಮಾತಾಡಿ ವಾಯ್ಸ್ ಮೆಸೇಜ್ ಹಾಕಿದ. ಅದು ಕೈಯಿಂದ ಕೈಗೆ ಹೋಗಿ ಅವಳಿಗೇ ತಲುಪಿತು. ಶಾಲೆಯವರು ಕ್ಯಾಪ್ಟನ್‌ಗಿರಿ ತೆಗೆದು ಮೂರು ಪಂದ್ಯ ಹೊರಗಿಟ್ಟಿದ್ದಾರೆ. ಜೂನ್‌ನಲ್ಲಿ ನಾವು ಸಹಿ ಹಾಕಿದ ನಿಯಮಪತ್ರ ತೋರಿಸುತ್ತಾರೆ. ಕೋಚ್ ನೆಟ್ಸ್‌ಗೂ ಬರಬೇಡ ಎಂದಿದ್ದಾರೆ. "ಮನೆಯಲ್ಲಿ ಕೂತು ಫೋನಿನಲ್ಲಿ ಆಡಿದ ಮಾತಿಗೆ ಮೈದಾನದಲ್ಲಿ ಶಿಕ್ಷೆಯೇ?" ಎಂದು ಯಜಮಾನರು ಟ್ರಸ್ಟಿಗಳನ್ನು ಕಾಣಲು ಹೊರಟಿದ್ದಾರೆ. ಮಗ ಸರಿಯಾಗಿ ಊಟ ಮಾಡುತ್ತಿಲ್ಲ. ನಾನು ಯಾರ ಕಡೆ ನಿಲ್ಲಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮಗನಿದ್ದಾನೆ, ಯಜಮಾನರಿದ್ದಾರೆ, ಕೋಚ್ ಇದ್ದಾರೆ, ಟ್ರಸ್ಟಿಗಳೂ ಇದ್ದಾರೆ. ಆ ಹುಡುಗಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾಳೆ. ನಾನು ಅವಳಿಂದಲೇ ಶುರು ಮಾಡುತ್ತೇನೆ, ನೀವೂ ಹಾಗೇ ಮಾಡಬೇಕು ಎಂಬುದು ನನ್ನ ಬೇಡಿಕೆ. ಖೋ-ಖೋ ಆಡುವ ಹುಡುಗಿ ದಿನವೂ ಅದೇ ಮೈದಾನಕ್ಕೆ ಇಳಿಯಬೇಕು, ಎಲ್ಲರೂ ನೋಡುತ್ತಿರುವಾಗ ಓಡಬೇಕು, ಬಗ್ಗಬೇಕು, ಡೈವ್ ಹೊಡೆಯಬೇಕು. ತನ್ನ ಮೈಯನ್ನು ಕ್ರಿಕೆಟ್ ತಂಡದ ಅಷ್ಟೂ ಹುಡುಗರು ಯಾವ ಕಣ್ಣಿನಿಂದ ನೋಡಿ ನಕ್ಕಿದ್ದಾರೆ ಎಂದು ಅವಳಿಗೀಗ ಗೊತ್ತು. ಇಂಥ ಒಂದು ಮಾತಿಗೆ ಆಟವನ್ನೇ ಬಿಟ್ಟ ಹೆಣ್ಣುಮಕ್ಕಳು ಇದ್ದಾರೆ. ಹೊಟ್ಟೆನೋವು ಎಂದು ಒಂದು ದಿನ ತಪ್ಪಿಸುತ್ತಾರೆ, ಆಮೇಲೆ ಪರೀಕ್ಷೆ ಎನ್ನುತ್ತಾರೆ, ಕೊನೆಗೆ ಬರುವುದೇ ಇಲ್ಲ. ನಿಮ್ಮ ಮಗನ ಮೂರು ಪಂದ್ಯಕ್ಕೆ ಲೆಕ್ಕವಿದೆ. ಅವಳು ಕಳೆದುಕೊಳ್ಳುವುದಕ್ಕೆ ಯಾರೂ ಲೆಕ್ಕ ಇಟ್ಟಿರುವುದಿಲ್ಲ.

ಇದಕ್ಕೇ ಯಜಮಾನರ ವಾದವನ್ನು ನಾನು ಒಪ್ಪಲಾರೆ. ಮಾತು ಮನೆಯಲ್ಲಿ ಆಡಿದ್ದಿರಬಹುದು, ಆದರೆ ಅದು ತಂಡದ ಗುಂಪಿನಲ್ಲಿ, ತಂಡದ ಕ್ಯಾಪ್ಟನ್ ಬಾಯಿಂದ ಬಂತು. ಗುಂಪಿನಲ್ಲಿರುವ ಕಿರಿಯ ಹುಡುಗ ಅದನ್ನು ಕೇಳಿ ತಂಡದಲ್ಲಿ ಹೀಗೂ ಮಾತಾಡಬಹುದು ಎಂದುಕೊಂಡಿರುತ್ತಾನೆ.

ಸುರತ್ಕಲ್‌ನಲ್ಲಿ ಶಾಲೆ ಕಲಿತ ನಮ್ಮದೇ ಕರಾವಳಿಯ ಹುಡುಗ ಕೆ.ಎಲ್. ರಾಹುಲ್ ವಿಷಯ ಯಜಮಾನರಿಗೆ ನೆನಪಿಸಿ. 2019ರ ಜನವರಿಯಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಹೆಂಗಸರ ಬಗ್ಗೆ ಬಂದ ಮಾತುಗಳಿಗಾಗಿ ಹಾರ್ದಿಕ್ ಪಾಂಡ್ಯ ಜೊತೆ ಅವರನ್ನೂ ಬಿಸಿಸಿಐ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿತು. ಅದೂ ಮೈದಾನದ ಹೊರಗಿನ ಮಾತೇ. ಅಮಾನತು ತೆರವಾಗಿದ್ದು ಜನವರಿ 24ರಂದು. ಏಪ್ರಿಲ್‌ನಲ್ಲಿ ಬಿಸಿಸಿಐ ಒಂಬುಡ್ಸ್‌ಮನ್ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅದರಲ್ಲಿ ಅರ್ಧ ಹುತಾತ್ಮ ಅರೆಸೇನಾ ಯೋಧರ ಕುಟುಂಬಗಳಿಗೆ, ಇನ್ನರ್ಧ ಅಂಧರ ಕ್ರಿಕೆಟ್‌ಗೆ ಹೋಯಿತು. ನನಗೆ ಇದರಲ್ಲಿ ಮುಖ್ಯವೆನಿಸುವುದು ನಡುವಿನ ದಿನಗಳು. ತೆರವಾದ ಕೂಡಲೇ ರಾಹುಲ್ ಸೀದಾ ದೊಡ್ಡ ತಂಡಕ್ಕೆ ಹೋಗಲಿಲ್ಲ. ಭಾರತ 'ಎ' ತಂಡಕ್ಕೆ ಆಡಿದರು, ಅಲ್ಲಿ ಕೋಚ್ ಆಗಿದ್ದವರು ರಾಹುಲ್ ದ್ರಾವಿಡ್. ಆ ಕಷ್ಟದ ಕಾಲ ತನ್ನನ್ನು ತಗ್ಗಿ ನಡೆಯುವಂತೆ ಮಾಡಿತು, ದ್ರಾವಿಡ್ ಜೊತೆ ಕಳೆದ ದಿನಗಳು ನೆರವಾದವು ಎಂದು ಆಮೇಲೆ ಅವರೇ ಹೇಳಿಕೊಂಡರು. ಶಿಕ್ಷೆಗೆ ಕೊನೆ ಇತ್ತು, ಶಿಕ್ಷೆಯ ಹೊತ್ತಿನಲ್ಲಿ ಹತ್ತಿರ ಒಬ್ಬ ಹಿರಿಯನಿದ್ದ. ನಿಮ್ಮ ಮಗನಿಗೂ ಈ ಎರಡು ಬೇಕು.

ಮೊದಲನೆಯದು ಸಿಕ್ಕಿದೆ, ಮೂರು ಪಂದ್ಯ ಎಂದು ಶಾಲೆ ಹೇಳಿದೆ. ಎರಡನೆಯದರಲ್ಲಿ ಶಾಲೆ ತಪ್ಪುತ್ತಿದೆ ಎಂದು ನನಗನಿಸುತ್ತದೆ. ಪಂದ್ಯ ಆಡಿಸದಿರುವುದು ಶಿಸ್ತು. ನೆಟ್ಸ್‌ಗೂ ಬರಬೇಡ ಎಂದರೆ ಹದಿನಾಲ್ಕು ಹದಿನೈದರ ಹುಡುಗನನ್ನು ಅವನು ಸುಧಾರಿಸಬಹುದಾದ ಜಾಗದಿಂದಲೇ ಹೊರಗೆ ದಬ್ಬಿದಂತೆ. ಅವನು ಬರಬೇಕು, ಎಲ್ಲರಿಗಿಂತ ಮೊದಲೇ ಬರಬೇಕು. ಪಂದ್ಯದ ದಿನ ಪಾರ್ಲೆಯಿಂದ ಚರ್ಚ್‌ಗೇಟ್ ಲೋಕಲ್‌ನಲ್ಲಿ ತಂಡದ ಕಿಟ್ ಹೊತ್ತು ಆಜಾದ್ ಮೈದಾನಕ್ಕೆ ಹೋಗಲಿ, ನೀರು ಕೊಡಲಿ, ಸ್ಕೋರ್ ಬರೆಯಲಿ, ತನ್ನ ಜಾಗದಲ್ಲಿ ಆಡುವ ಹುಡುಗ ಬೌಂಡರಿ ಹೊಡೆದರೆ ಚಪ್ಪಾಳೆ ತಟ್ಟಲಿ. ಅದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದಕ್ಕಿಂತ ಕಷ್ಟ. ಕಷ್ಟವಾದ್ದರಿಂದಲೇ ಅದರಿಂದ ಏನಾದರೂ ಆಗುತ್ತದೆ.

ಆದ್ದರಿಂದ ಯಜಮಾನರು ಶಾಲೆಗೆ ಹೋಗಲಿ, ಆದರೆ ಟ್ರಸ್ಟಿಗಳ ಬಳಿಗಲ್ಲ. ನೀವಿಬ್ಬರೂ ಹೆಡ್‌ಮಾಸ್ಟರ್ ಮತ್ತು ಕೋಚ್ ಇಬ್ಬರನ್ನೂ ಒಟ್ಟಿಗೆ ಕಾಣಿ. ಮೂರು ಪಂದ್ಯದ ಶಿಕ್ಷೆ ಒಪ್ಪಿದ್ದೇವೆ ಎಂದು ಮೊದಲೇ ಹೇಳಿಬಿಡಿ, ಎದುರಿನವರ ದನಿ ಆಗಲೇ ಇಳಿಯುತ್ತದೆ. ಆಮೇಲೆ ಕೇಳಿ: ಅಭ್ಯಾಸಕ್ಕೆ ಬರಲು ಬಿಡುತ್ತೀರಾ? ನಾಲ್ಕನೇ ಪಂದ್ಯಕ್ಕೆ ಆಯ್ಕೆಯಲ್ಲಿ ಅವನ ಹೆಸರನ್ನು ಎಲ್ಲರಂತೆ ನೋಡುತ್ತೀರಾ? ಆ ಮೆಸೇಜಿಗೆ ನಗುವಿನ ಚಿತ್ರ ಹಾಕಿದವರಿಗೆ, ಮುಂದಕ್ಕೆ ಕಳಿಸಿದವರಿಗೆ ಏನು ಮಾಡಿದ್ದೀರಿ? ಮಗನ ತಪ್ಪು ಹಗುರ ಮಾಡಲೆಂದು ಈ ಕೊನೆಯ ಪ್ರಶ್ನೆ ಕೇಳಿಸುತ್ತಿಲ್ಲ. ಅವಳಿಗೆ ನೋವು ತಲುಪಿಸಿದ್ದು ಒಬ್ಬನೇ ಅಲ್ಲ. ಒಬ್ಬನನ್ನು ಮಾತ್ರ ಹೊರಗಿಟ್ಟರೆ ಉಳಿದವರು ಕಲಿಯುವುದು ಸಿಕ್ಕಿಬೀಳಬಾರದು ಎಂಬುದನ್ನಷ್ಟೇ. ಕ್ಯಾಪ್ಟನ್‌ಗಿರಿ ವಾಪಸ್ ಕೇಳಬೇಡಿ. ಅದು ಈ ವರ್ಷ ಬೇರೆ ಹುಡುಗನ ಬಳಿ ಇರುವುದೇ ಸರಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಷ್ಟೋ ತಂದೆಯರು ಹೇಳುತ್ತಾರೆ, "ಹಿಂದಿನ ಕೋಚ್‌ಗಳಾದರೆ ನಾಲ್ಕು ಬಿಟ್ಟು ಮುಗಿಸುತ್ತಿದ್ದರು" ಎಂದು. ಈ ಊರಿನಲ್ಲಿ ಶಿಸ್ತು ಎಂದರೆ ಸಚಿನ್ ತೆಂಡೂಲ್ಕರ್ ಅವರ ಗುರು ರಮಾಕಾಂತ್ ಆಚ್ರೇಕರ್ ಹೆಸರು ಬರುತ್ತದೆ. ಶಾಲಾ ತಂಡದ ಪಂದ್ಯ ನೋಡಲು ವಾಂಖೆಡೆಗೆ ಹೋಗಿ ತನ್ನ ಅಭ್ಯಾಸ ಪಂದ್ಯ ತಪ್ಪಿಸಿದ ಸಚಿನ್‌ಗೆ ಅವರು ಎಲ್ಲರ ಎದುರೇ ಗದರಿದ್ದು ಪ್ರಸಿದ್ಧ. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್‌ನಲ್ಲಿ ಸಚಿನ್ ಮತ್ತು ವಿನೋದ್ ಕಾಂಬ್ಳಿ 664 ರನ್ ಸೇರಿಸಿದಾಗಲೂ ಇನ್ನಿಂಗ್ಸ್ ನಿಂತದ್ದು ಆ ಗುರುವಿನ ಮಾತಿಗೆ. ಕಾಂಬ್ಳಿ ಆಗ 349ರಲ್ಲಿದ್ದರು, ಆದರೂ ನಿಲ್ಲಿಸಿದರು. ಆ ಮಾತಿಗೆ ಬಲ ಬಂದದ್ದು ಹುಡುಗರ ಆಟದ ಹಿಂದೆ ಅವರು ಸುರಿದ ವರ್ಷಗಳಿಂದ. ಏಟಿಗೆ ಆ ಬಲವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯ್ದೆ ಹೇಳುವ ಹದಿನಾಲ್ಕು ವಯಸ್ಸು ದಾಟಿತೆಂದ ಮಾತ್ರಕ್ಕೆ ಹೊಡೆಯುವುದು ಸರಿಯಾಗುವುದಿಲ್ಲ. ಮನೆಯಲ್ಲೂ ಬೇಡ.

ಕ್ಷಮೆಯ ವಿಷಯ. ಅದನ್ನು ಅವಸರದಲ್ಲಿ ಮಾಡಿಸಬೇಡಿ. ಹುಡುಗಿಯ ಮನೆ ಬಾಗಿಲಿಗೆ ಮಗನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರೆ, "ಪರವಾಗಿಲ್ಲ" ಎನ್ನಬೇಕಾದ ಹೊರೆ ಅವಳ ಮೇಲೆಯೇ ಬೀಳುತ್ತದೆ. ಅವನು ಮೊದಲು ಒಂದು ಕಾಗದ ಬರೆಯಲಿ. ಏನು ಹೇಳಿದೆ, ಅದು ಯಾಕೆ ತಪ್ಪು, ಇನ್ನು ಮುಂದೆ ಆ ಗುಂಪಿನಲ್ಲಿ ಅಂಥ ಮಾತು ಬಂದರೆ ಏನು ಮಾಡುತ್ತೇನೆ, ಇಷ್ಟಿರಲಿ. "ನಿನಗೆ ಬೇಸರವಾಗಿದ್ದರೆ" ಎಂಬ ಮಾತು ಬರಬಾರದು, ಬೇಸರ ಆಗಿದೆ. ತನ್ನ ಮೂರು ಪಂದ್ಯದ ದುಃಖವೂ ಅದರಲ್ಲಿ ಬೇಡ. ಕಾಗದವನ್ನು ಶಾಲೆಯ ಮೂಲಕ ಅವಳ ತಂದೆತಾಯಿಗೆ ತಲುಪಿಸಿ. ಅವಳು ಓದದಿದ್ದರೆ, ಉತ್ತರಿಸದಿದ್ದರೆ ಅದು ಅವಳ ಇಷ್ಟ. ಅವಳು ಇರುವ ಕಡೆ ಮಾತಾಡಿಸಲು ಹೋಗಬಾರದು ಎಂದು ಮಗನಿಗೆ ಸ್ಪಷ್ಟವಾಗಿ ಹೇಳಿ. ವಾಯ್ಸ್ ಮೆಸೇಜಿನ ಜೊತೆ ಅವಳ ಫೋಟೊ ಏನಾದರೂ ಹೋಗಿದ್ದರೆ ವಿಷಯ ಶಾಲೆಯ ನಿಯಮಪತ್ರವನ್ನು ದಾಟಿ ಕಾನೂನಿಗೂ ಬರಬಹುದು. ಅದನ್ನು ಮಗನಲ್ಲಿ ಇಂದೇ ಕೇಳಿ ತಿಳಿದುಕೊಳ್ಳಿ, ಮುಚ್ಚಿಡದೆ ಹೆಡ್‌ಮಾಸ್ಟರ್‌ಗೆ ಹೇಳಿ.

ಯಾರ ಕಡೆ ನಿಲ್ಲಲಿ ಎಂದು ಕೇಳಿದ್ದೀರಿ. ಮಗನ ಪಕ್ಕದಲ್ಲಿ ನಿಲ್ಲಿ, ಅವನ ಮಾತಿನ ಪಕ್ಕದಲ್ಲಿ ಅಲ್ಲ. ಅವನು ಊಟ ಮಾಡುತ್ತಿಲ್ಲ ಎಂಬುದು ನನಗೆ ಚಿಂತೆಯ ವಿಷಯ. ನಾಚಿಕೆ ಈ ವಯಸ್ಸಿನಲ್ಲಿ ಬಹಳ ಆಳಕ್ಕೆ ಇಳಿಯುತ್ತದೆ, ಎಲ್ಲ ಮುಗಿದೇಹೋಯಿತು ಅನ್ನಿಸುತ್ತದೆ. ಇವತ್ತು ರಾತ್ರಿ ಅವನ ತಟ್ಟೆಗೆ ಗಂಜಿಯೋ ಅನ್ನವೋ ಬಡಿಸಿ ಪಕ್ಕದಲ್ಲಿ ಕುಳಿತುಕೊಳ್ಳಿ, ಆ ಹೊತ್ತಿನಲ್ಲಿ ಉಪದೇಶ ಬೇಡ. ನಿದ್ರೆ ಬಿಟ್ಟಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ, ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. ನಾಳೆ ಬೆಳಿಗ್ಗೆ ಎದ್ದಾಗ ಅವನ ಫೋನಿನಲ್ಲಿರುವ ಆ ಗುಂಪನ್ನು ಅವನ ಜೊತೆ ಕುಳಿತು ಒಮ್ಮೆ ನೋಡಿ. ಕದ್ದು ನೋಡಬೇಡಿ, ಅವನಿಗೆ ಹೇಳಿಯೇ ನೋಡಿ. ಅಲ್ಲಿ ಇನ್ನೂ ಬೇರೆ ಹುಡುಗಿಯರ ಹೆಸರುಗಳಿವೆಯೇ ಎಂದು ನಿಮಗೆ ಆಗ ಗೊತ್ತಾಗುತ್ತದೆ. ಇದ್ದರೆ, ಹೆಡ್‌ಮಾಸ್ಟರ್ ಭೇಟಿಗೆ ಆ ವಿಷಯವನ್ನೂ ತೆಗೆದುಕೊಂಡು ಹೋಗಿ.