ಷೆರೀಫನ ಅಧಿಕಾರ ಮತ್ತು ಅದರ ಎಲ್ಲೆ

ಷೆರೀಫ್ ಎಂದೊಡನೆ ನಮ್ಮಲ್ಲಿ ಹಲವರಿಗೆ ಕುದುರೆಯೇರಿ ಪಿಸ್ತೂಲು ಹಿಡಿದ ಅಮೆರಿಕದ ಚಲನಚಿತ್ರದ ವೀರನೇ ನೆನಪಾಗುವನು. ನಾನೂ ಹಾಗೆಯೇ ತಿಳಿದಿದ್ದೆ. ಇಂಗ್ಲೆಂಡಿನ ಇತಿಹಾಸವನ್ನು ಓದುವಾಗ ಈ ಪದವಿಯ ಮೂಲ ಅಲ್ಲಿರುವುದು ಗೊತ್ತಾಯಿತು.

'ಷೈರ್' ಎಂದರೆ ಜಿಲ್ಲೆ. 'ರೀವ್' ಎಂದರೆ ಅಧಿಕಾರಿ. ಇವೆರಡೂ ಕೂಡಿ ಷೆರೀಫ್ ಎಂದಾಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇವನ ಬಲ ಇನ್ನೂ ಹೆಚ್ಚಿತು. ದೊರೆಗೆ ಸಲ್ಲಬೇಕಾದ ಹಣದ ವಸೂಲಿ, ಜಿಲ್ಲೆಯ ನ್ಯಾಯಸಭೆ, ಅಪರಾಧಿಗಳನ್ನು ಹಿಡಿಯಲು ಊರ ಗಂಡಸರನ್ನು ಕೂಡಿಸುವುದು, ಸೆರೆಮನೆಯ ಪಾಲನೆ ಎಲ್ಲವೂ ಇವನ ಕೈಯಲ್ಲಿದ್ದವು. ಇಷ್ಟೆಲ್ಲ ಅಧಿಕಾರ ಒಬ್ಬನಲ್ಲಿ ಸೇರಿದರೆ ಅನ್ಯಾಯ ನಡೆಯದಿರುವುದುಂಟೆ? ಆದುದರಿಂದಲೇ 1215ರ ಮ್ಯಾಗ್ನ ಕಾರ್ಟವು, ದೊರೆಯ ನ್ಯಾಯಕ್ಕೆ ಸೇರಿದ ಘೋರ ಅಪರಾಧಗಳನ್ನು ಷೆರೀಫನು ವಿಚಾರಿಸಕೂಡದೆಂದು ವಿಧಿಸಿತು. 14ನೆಯ ಶತಮಾನದಲ್ಲಿ ಶಾಂತಿಪಾಲನೆಯ ಬಹುಭಾಗವು ಸ್ಥಳೀಯ ಮ್ಯಾಜಿಸ್ಟ್ರೇಟರ ಪಾಲಾಯಿತು.

ಆದರೆ ಸೆರೆಮನೆ ಮಾತ್ರ ಷೆರೀಫನ ಹೊಣೆಯಾಗಿಯೇ ಉಳಿಯಿತು. 1773ರಲ್ಲಿ ಬೆಡ್‌ಫರ್ಡ್‌ಷೈರಿನ ಷೆರೀಫನಾದ ಜಾನ್ ಹೋವರ್ಡನು ತಾನೇ ಸೆರೆಮನೆಯೊಳಕ್ಕೆ ಹೋಗಿ ನೋಡಿದನು. ಅಲ್ಲಿ ನಿರ್ದೋಷಿಗಳೆಂದು ತೀರ್ಪು ಪಡೆದವರೂ ಬಂಧನದಲ್ಲಿದ್ದರು! ಜೈಲರನಿಗೆ ಸಂಬಳವಿಲ್ಲ, ಕೈದಿಗಳು ಕೊಡುವ ಶುಲ್ಕವೇ ಅವನ ಜೀವನ. ಅದನ್ನು ತೆರಲಾರದವರಿಗೆ ಬಿಡುಗಡೆಯಿಲ್ಲ. ಜೈಲರನಿಗೆ ಸಂಬಳ ಕೊಡಿರೆಂದು ಹೋವರ್ಡನು ಜಿಲ್ಲೆಯ ಮ್ಯಾಜಿಸ್ಟ್ರೇಟರನ್ನು ಕೇಳಿದನು. ಅವರು, "ಬೇರೆಡೆ ಹೀಗೆ ನಡೆದಿರುವುದನ್ನು ತೋರಿಸು" ಎಂದರು. ಅವನು ಕುದುರೆಯೇರಿ ನೆರೆಯ ಜಿಲ್ಲೆಗಳನ್ನು ಸುತ್ತಿದನು. ಎಲ್ಲೆಡೆಯೂ ಅದೇ ಅನ್ಯಾಯ. ಕಂಡುದನ್ನು ಪಾರ್ಲಿಮೆಂಟಿನ ಮುಂದೆ ಹೇಳಿದನು. 1774ರಲ್ಲಿ, ನಿರ್ದೋಷಿಗಳನ್ನು ಶುಲ್ಕವಿಲ್ಲದೆ ಬಿಡಬೇಕೆಂಬ ಶಾಸನವಾಯಿತು.

ಇಂದು ಇಂಗ್ಲೆಂಡಿನ ಹೈ ಷೆರೀಫನದು ಒಂದು ವರ್ಷದ, ಸಂಬಳವಿಲ್ಲದ ಗೌರವಪದವಿ. ಸ್ಕಾಟ್ಲೆಂಡಿನಲ್ಲಿ ಷೆರೀಫನೆಂದರೆ ನ್ಯಾಯಾಧೀಶ. ಅಮೆರಿಕದ ಬಹುತೇಕ ಕೌಂಟಿಗಳಲ್ಲಿ ಅವನು ಜನರಿಂದ ಚುನಾಯಿತನಾದ ಅಧಿಕಾರಿ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತ, ಮದರಾಸು, ಮುಂಬಯಿಗಳಲ್ಲೂ ಷೆರೀಫರಿದ್ದರು.

ಹೋವರ್ಡನಿಗೆ ಮೊದಲಿದ್ದ ಷೆರೀಫರಿಗೂ ಆ ಸೆರೆಮನೆಯ ಮೇಲೆ ಅಷ್ಟೇ ಅಧಿಕಾರವಿದ್ದಿತು. ಅವರು ಆ ಕೆಲಸವನ್ನು ಕೈಕೆಳಗಿನವರಿಗೆ ಬಿಟ್ಟು ಸುಮ್ಮನಿದ್ದರು; ಇವನು ಬಾಗಿಲು ತೆರೆಸಿ ಒಳಹೊಕ್ಕನು. ಅಧಿಕಾರದ ಎಲ್ಲೆಯನ್ನು ಕಾನೂನು ಗೊತ್ತುಮಾಡೀತು. ಆ ಎಲ್ಲೆಯೊಳಗೆ ನಡೆಯುವುದನ್ನು ಹೋಗಿ ನೋಡುವ ಮನಸ್ಸನ್ನು ಯಾವ ಕಾನೂನೂ ಕೊಡಲಾರದು. ಪದವಿ ಪಡೆದು ನಾಳೆ ಅಧಿಕಾರದ ಕುರ್ಚಿಯಲ್ಲಿ ಕುಳಿತುಕೊಳ್ಳಬಹುದಾದ ನಾವು ಈ ಮಾತನ್ನು ಮರೆಯಬಾರದು.