ಫಿಶ್ ಫೈಂಡರ್: ಬೋಟಿನ ಮೇಲೆ ಒಂದು ಪ್ರತಿಧ್ವನಿಯ ಪಾಠ

ನಮ್ಮ ಕಾಲೇಜಿನಲ್ಲಿ ಓದುವ ಹಲವರ ಮನೆಯ ಒಲೆ ಬಂದರಿನ ದುಡಿಮೆಯಿಂದಲೇ ಉರಿಯುತ್ತದೆ. ನಮ್ಮ ಮನೆಯೂ ಅವುಗಳಲ್ಲಿ ಒಂದು. ಕಳೆದ ಋತುವಿನ ಆರಂಭದಲ್ಲಿ ತಂದೆಯವರು ನಮ್ಮ ಫೈಬರ್ ದೋಣಿಗೆ ಫಿಶ್ ಫೈಂಡರ್ ಹಾಕಿಸಿದರು. ದಕ್ಕೆಯಲ್ಲಿ ನಿಂತಿದ್ದಾಗ ಅದು ಚೆನ್ನಾಗಿಯೇ ಕೆಲಸ ಮಾಡಿತು. ಅಳಿವೆ ದಾಟಿ ವೇಗ ಹೆಚ್ಚಿಸಿದ ಕೂಡಲೇ ಆಳದ ಅಂಕಿ ಮಿಣುಕತೊಡಗಿತು, ಪರದೆ ತುಂಬ ಕೆಂಪು ಚುಕ್ಕೆಗಳು ಮೂಡಿದವು. ಮೀನಿನ ದೊಡ್ಡ ಗುಂಪೇ ಸಿಕ್ಕಿತೆಂದುಕೊಂಡು ಬಲೆ ಬಿಟ್ಟರು. ಎಳೆದಾಗ ಬಲೆ ಖಾಲಿ. ಒಂದು ದಿನದ ಇಂಧನವೂ ನಾಲ್ಕು ಜನರ ದುಡಿಮೆಯೂ ನೀರುಪಾಲಾಯಿತು.

ಯಂತ್ರ ಕೆಟ್ಟಿರಲಿಲ್ಲ. ಅದನ್ನು ಕೂರಿಸಿದ ಜಾಗ ತಪ್ಪಾಗಿತ್ತು, ಪರದೆಯನ್ನು ಓದಿದ ರೀತಿಯೂ ತಪ್ಪಾಗಿತ್ತು. ಎರಡನ್ನೂ ಸರಿಪಡಿಸಲು ಬೇಕಾದದ್ದು ಪ್ರಥಮ ಪಿಯುಸಿಯ ತರಂಗಗಳ ಅಧ್ಯಾಯ, ಅಷ್ಟೆ. ಪರೀಕ್ಷೆಗೆಂದು ಓದಿದ ಆ ಪಾಠವನ್ನು ದೋಣಿಯ ಮೇಲೆ ಇನ್ನೊಮ್ಮೆ ಓದೋಣ.

ನೀರಿನೊಳಗೆ ಬೆಳಕಲ್ಲ, ಧ್ವನಿ

ಬೆಳಕು ಸಮುದ್ರದಲ್ಲಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ರೇಡಿಯೋ ತರಂಗಗಳನ್ನು ಉಪ್ಪುನೀರು ಬಹುಬೇಗ ಹೀರಿಬಿಡುತ್ತದೆ. ಧ್ವನಿಯಾದರೋ ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಚಲಿಸುತ್ತದೆ. ನಮ್ಮ ಪಠ್ಯದ ಸೂತ್ರ ನೆನಪಿಸಿಕೊಳ್ಳಿ: ವೇಗ = √(ಗಾತ್ರ ಸ್ಥಿತಿಸ್ಥಾಪಕತ್ವ ಗುಣಾಂಕ ÷ ಸಾಂದ್ರತೆ). ನೀರಿಗೆ ಈ ಗುಣಾಂಕ ಸುಮಾರು 2.2 × 10⁹ ಪಾಸ್ಕಲ್, ಸಾಂದ್ರತೆ ಘನ ಮೀಟರಿಗೆ 1,000 ಕಿಲೋಗ್ರಾಂ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1,480 ಮೀಟರ್ ಬರುತ್ತದೆ.

1826ರಲ್ಲಿ ಕೊಲಡಾನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಜಿನೀವಾ ಸರೋವರದಲ್ಲಿ ಇದನ್ನು ಅಳೆದಿದ್ದರು. ಒಂದು ದೋಣಿಯಿಂದ ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣ ಮದ್ದಿನ ಪುಡಿ ಹೊತ್ತಿಸಿದರು. ದೂರದ ದೋಣಿಯಲ್ಲಿದ್ದವರು ಬೆಳಕು ಕಂಡಾಗಿನಿಂದ ಸದ್ದು ಕೇಳುವವರೆಗಿನ ಸಮಯ ಎಣಿಸಿದರು. ಅವರಿಗೆ ಸಿಕ್ಕಿದ ಉತ್ತರ ಸೆಕೆಂಡಿಗೆ 1,435 ಮೀಟರ್. ಸಮುದ್ರದ ನೀರಿಗೆ ನಾವು 1,500 ಎಂದು ಹಿಡಿಯುತ್ತೇವೆ. ನಮ್ಮ ಕರಾವಳಿಯಂಥ ಬೆಚ್ಚಗಿನ ಉಪ್ಪುನೀರಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ಧ್ವನಿ ಕೆಳಗೆ ಹೋಗಿ ತಳಕ್ಕೆ ಬಡಿದು ಮರಳಿ ಬರಬೇಕು. ಆದ್ದರಿಂದ ಆಳ = (ವೇಗ × ಸಮಯ) ÷ 2. ಪ್ರತಿಧ್ವನಿ 0.04 ಸೆಕೆಂಡಿನಲ್ಲಿ ಬಂದರೆ, ಆಳ = 1,500 × 0.04 ÷ 2 = 30 ಮೀಟರ್. ಹಳೆಯ ಮೀನುಗಾರರ ಲೆಕ್ಕದಲ್ಲಿ ಇದು ಸುಮಾರು 16 ಮಾರು. ಯಂತ್ರ ಅಳೆಯುವುದು ಆಳವನ್ನಲ್ಲ, ಸಮಯವನ್ನು. ಈ ಮಾತು ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಯಂತ್ರದಲ್ಲಿ ಏನಿದೆ?

ಮುಖ್ಯ ಭಾಗಗಳು ಎರಡೇ. ಮೇಲೆ ಪರದೆಯಿರುವ ಪೆಟ್ಟಿಗೆ, ನೀರಿನಲ್ಲಿ ಟ್ರಾನ್ಸ್‌ಡ್ಯೂಸರ್. ಟ್ರಾನ್ಸ್‌ಡ್ಯೂಸರಿನೊಳಗೆ ವಿದ್ಯುತ್ ಕೊಟ್ಟರೆ ಕಂಪಿಸುವ, ಕಂಪಿಸಿದರೆ ವಿದ್ಯುತ್ ಕೊಡುವ ವಸ್ತುವಿದೆ. ಒತ್ತಿದರೆ ಹರಳಿನಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜವಾ ಅದನ್ನು ಜಲಾಂತರ್ಗಾಮಿ ನೌಕೆಗಳನ್ನು ಪತ್ತೆಹಚ್ಚಲು ಬಳಸಿದರು. 1948ರಲ್ಲಿ ಜಪಾನಿನ ಫುರುನೊ ಸಹೋದರರು ಅದನ್ನು ಮೀನುಗಾರರ ಕೈಗೆ ತಲುಪಿಸಿದರು. ಹೀಗೆ ಬಾಯಿಯೂ ಕಿವಿಯೂ ಒಂದೇ ಆಗಿರುವ ಈ ಭಾಗ ಸೆಕೆಂಡಿಗೆ ಹಲವು ಬಾರಿ ಕೂಗಿ, ನಡುವೆ ಸುಮ್ಮನಾಗಿ ಆಲಿಸುತ್ತದೆ.

ಸಾಮಾನ್ಯವಾಗಿ ಬಳಸುವ ಆವೃತ್ತಿಗಳು 50 ಮತ್ತು 200 ಕಿಲೋಹರ್ಟ್ಸ್. ಎರಡೂ ನಮ್ಮ ಕಿವಿಗೆ ಕೇಳದಂಥವು. 200 ಕಿಲೋಹರ್ಟ್ಸಿನಲ್ಲಿ ತರಂಗದೂರ 1,500 ÷ 2,00,000 = 7.5 ಮಿಲಿಮೀಟರ್, 50ರಲ್ಲಿ 3 ಸೆಂಟಿಮೀಟರ್. ಹೆಚ್ಚು ಆವೃತ್ತಿಯ ಧ್ವನಿ ಕಿರಿದಾದ ಶಂಕುವಿನಂತೆ ಇಳಿದು ಸೂಕ್ಷ್ಮ ವಿವರ ತೋರಿಸುತ್ತದೆ, ಆದರೆ ನೀರು ಅದನ್ನು ಬೇಗ ಹೀರುತ್ತದೆ. ಕಡಿಮೆ ಆವೃತ್ತಿ ಬಹಳ ಆಳಕ್ಕೆ ಹೋಗುತ್ತದೆ, ವಿವರ ಕಡಿಮೆ. ದಡದ ಸಮೀಪದ ಮೀನುಗಾರಿಕೆಗೆ 200 ಸಾಕು. ಆಳಸಮುದ್ರಕ್ಕೆ 50 ಬೇಕು.

ಮೀನು ಕಾಣುವುದೂ ಮರೆಯಾಗುವುದೂ ಗಾಳಿಯಿಂದ

ಮೀನಿನ ಮಾಂಸದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಹಾಗಾಗಿ ಮಾಂಸದಿಂದ ಬರುವ ಪ್ರತಿಧ್ವನಿ ಕ್ಷೀಣ. ಆದರೆ ಬಹಳಷ್ಟು ಮೀನುಗಳ ಹೊಟ್ಟೆಯಲ್ಲಿ ತೇಲಲು ನೆರವಾಗುವ ಗಾಳಿಚೀಲವಿದೆ. ಧ್ವನಿ ನೀರಿನಿಂದ ಗಾಳಿಯ ಗಡಿಗೆ ಬಡಿದಾಗ ಅದರ ಶಕ್ತಿಯ ಶೇ. 99.9ರಷ್ಟು ಹಿಂದಕ್ಕೆ ಪುಟಿಯುತ್ತದೆ. ಪರದೆಯಲ್ಲಿ ನಮಗೆ ಕಾಣುವ ಮೀನು ಬಹುಮಟ್ಟಿಗೆ ಆ ಗಾಳಿಚೀಲವೇ. ಗಾಳಿಚೀಲವಿಲ್ಲದ ಶಾರ್ಕ್, ತೊರಕೆ, ಬೊಂಡಾಸ್ ಅದೇ ಗಾತ್ರದ ಬೇರೆ ಮೀನಿಗಿಂತ ಮಸುಕಾಗಿ ಕಾಣುವುದು ಇದಕ್ಕೇ.

ಈಗ ಇದನ್ನೇ ತಿರುಗಿಸಿ ನೋಡಿ. ಟ್ರಾನ್ಸ್‌ಡ್ಯೂಸರಿನ ಮುಖದ ಕೆಳಗೇ ಗಾಳಿಗುಳ್ಳೆಗಳು ಹರಿದರೆ? ಧ್ವನಿ ಅಲ್ಲಿಂದಲೇ ವಾಪಸಾಗುತ್ತದೆ, ಸಮುದ್ರ ಅದಕ್ಕೆ ಕಾಣುವುದೇ ಇಲ್ಲ. ನಮ್ಮ ದೋಣಿಯಲ್ಲಿ ಆದದ್ದು ಇದೇ. ತಳದಲ್ಲಿ ಉದ್ದಕ್ಕೂ ಇರುವ ಪಟ್ಟಿಯೊಂದರ ನೇರ ಹಿಂದೆ ಟ್ರಾನ್ಸ್‌ಡ್ಯೂಸರ್ ಕೂರಿಸಿದ್ದರು. ವೇಗ ಹೆಚ್ಚಿದಾಗ ಪಟ್ಟಿಯ ಹಿಂದೆ ನೊರೆ ಏಳುತ್ತಿತ್ತು. ತಂದೆಯವರು ನಂಬಿ ಬಲೆ ಬಿಟ್ಟದ್ದು ಗುಳ್ಳೆಗಳ ಗುಂಪಿಗೆ.

ಅಳವಡಿಸುವ ಕ್ರಮ

1. ಜಾಗದ ಆಯ್ಕೆ. ದೋಣಿ ಓಡುವಾಗಲೂ ನೀರು ನಯವಾಗಿ ಹರಿಯುವ ಜಾಗ ಬೇಕು. ಫ್ಯಾನ್, ತಳದ ಪಟ್ಟಿಗಳು, ನೀರು ಎಳೆಯುವ ಅಥವಾ ಬಿಡುವ ತೂತುಗಳು, ಇವುಗಳ ಹಿಂದೆ ಬೇಡ. ಎಂಜಿನ್ ಹೊರಗಿರುವ ಸಣ್ಣ ದೋಣಿಗೆ ಹಿಂಬದಿಯ ಹಲಗೆಯಲ್ಲಿ, ಫ್ಯಾನಿನ ರೆಕ್ಕೆ ಕೆಳಮುಖವಾಗಿ ತಿರುಗುವ ಬದಿಯಲ್ಲಿ, ಫ್ಯಾನಿನಿಂದ ದೂರ ಕೂರಿಸುತ್ತಾರೆ. ದೊಡ್ಡ ಬೋಟಿಗೆ ತಳ ಕೊರೆದು, ಮೂತಿಯಿಂದ ಮೂರನೇ ಒಂದು ಭಾಗಕ್ಕೂ ಅರ್ಧಕ್ಕೂ ನಡುವೆ ಕೂರಿಸುವುದು ರೂಢಿ. ತಳ ಕೊರೆಯುವ ಕೆಲಸ ಬೋಟು ಕಟ್ಟುವವರದು, ನಾವು ಕೈಹಾಕುವಂಥದ್ದಲ್ಲ.

2. ಒಳಗಿನಿಂದ ಅಂಟಿಸುವುದು. ಗಟ್ಟಿಯಾದ ಒಂದೇ ಪದರದ ಫೈಬರ್ ತಳವಿದ್ದರೆ ಒಳಗಿನಿಂದ ಎಪಾಕ್ಸಿಯಲ್ಲಿ ಅಂಟಿಸಬಹುದು. ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ಅಂಟಿನಲ್ಲಿ ಒಂದೂ ಗಾಳಿಗುಳ್ಳೆ ಉಳಿಯಬಾರದು, ಕಾರಣ ಮೇಲೆ ಓದಿದ್ದೀರಿ. ಮರದ ತಳಕ್ಕೆ, ನಡುವೆ ಫೋಮ್ ಇರುವ ತಳಕ್ಕೆ ಈ ವಿಧಾನ ಆಗದು.

3. ಮಟ್ಟ. ಮುಖ ನೇರ ಕೆಳಗೆ ನೋಡಬೇಕು. ದೋಣಿಯನ್ನು ದಡದಲ್ಲಲ್ಲ, ಬಲೆ ಮತ್ತು ಜನರೊಂದಿಗೆ ನೀರಿನಲ್ಲಿ ನಿಲ್ಲುವ ಸ್ಥಿತಿಯಲ್ಲಿ ಊಹಿಸಿ ಮಟ್ಟ ನೋಡಿ.

4. ವಿದ್ಯುತ್. ಬ್ಯಾಟರಿಯಿಂದಲೇ ನೇರ ಪ್ರತ್ಯೇಕ ವಯರು ತನ್ನಿ. ತಯಾರಕರು ಹೇಳಿದ ಫ್ಯೂಸನ್ನು ಬ್ಯಾಟರಿಯ ಹತ್ತಿರ ಹಾಕಿ. ತೆಳು ವಯರಿನ ರೋಧ 0.5 ಓಮ್, ಪ್ರವಾಹ 2 ಆಂಪಿಯರ್ ಆದರೆ, ದಾರಿಯಲ್ಲೇ 1 ವೋಲ್ಟ್ ನಷ್ಟ. ಎಂಜಿನ್ ಸ್ಟಾರ್ಟ್ ಮಾಡುವಾಗ ಪರದೆ ಆರಿಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

5. ಕೇಬಲ್. ಟ್ರಾನ್ಸ್‌ಡ್ಯೂಸರಿನ ಕೇಬಲನ್ನು ಎಂಜಿನ್ ಅಥವಾ ವಯರ್‌ಲೆಸ್ಸಿನ ವಯರುಗಳ ಜತೆ ಕಟ್ಟಬೇಡಿ. ಅವುಗಳ ಸದ್ದು ಪರದೆಯಲ್ಲಿ ಚುಕ್ಕೆಗಳಾಗಿ ಬರುತ್ತದೆ. ಉದ್ದ ಹೆಚ್ಚಾಯಿತೆಂದು ಕತ್ತರಿಸಬೇಡಿ.

6. ಆರೈಕೆ. ಮುಖದ ಮೇಲೆ ಪಾಚಿ, ಚಿಪ್ಪು ಬೆಳೆದರೆ ಮೃದುವಾಗಿ ತೆಗೆಯಿರಿ. ತಳಕ್ಕೆ ಹೊಡೆಯುವ ಎಲ್ಲ ಬಣ್ಣವನ್ನೂ ಪ್ಲಾಸ್ಟಿಕ್ ಮುಖಕ್ಕೆ ಬಳಿಯಬಾರದು. ಕೆಲವು ಬಣ್ಣಗಳ ದ್ರಾವಕ ಅದನ್ನು ಹಾಳುಮಾಡುತ್ತದೆ.

ಖಾಯಂ ಆಗಿ ಬಿಗಿಯುವ ಮೊದಲು ನಿಧಾನ, ಮಧ್ಯಮ, ಪೂರ್ಣ ವೇಗಗಳಲ್ಲಿ ಓಡಿಸಿ ನೋಡುವುದು ಕಡ್ಡಾಯ. ನಮ್ಮ ದೋಣಿಯಲ್ಲಿ ಬಿಟ್ಟುಹೋದದ್ದು ಈ ಒಂದು ಹೆಜ್ಜೆ. ಪಟ್ಟಿಯಿಂದ ಆಚೆಗೆ ಸರಿಸಿ, ಹಳೆಯ ತೂತುಗಳನ್ನು ಮುಚ್ಚಿದ ಮೇಲೆ ಪೂರ್ಣ ವೇಗದಲ್ಲೂ ತಳದ ಗೆರೆ ಕಡಿಯದೆ ಬಂತು.

ಪರದೆ ಓದುವುದು ಹೇಗೆ?

ಪರದೆ ಫೋಟೋ ಅಲ್ಲ, ಒಂದು ನಕ್ಷೆ. ಲಂಬ ಅಕ್ಷದಲ್ಲಿ ಆಳ, ಅಡ್ಡ ಅಕ್ಷದಲ್ಲಿ ಸಮಯ. ಬಲ ಅಂಚಿನಲ್ಲಿರುವುದು ಈ ಕ್ಷಣ. ಎಡಕ್ಕೆ ಸರಿದದ್ದೆಲ್ಲ ಆಗಲೇ ಕಳೆದದ್ದು. ಹಾಗಾಗಿ ಉದ್ದ ಗೆರೆ ಎಂದರೆ ಉದ್ದ ಮೀನಲ್ಲ. ನಿಂತ ದೋಣಿಯ ಕೆಳಗೆ ನಿಂತ ಸಣ್ಣ ಮೀನೂ ಉದ್ದ ಗೆರೆ ಎಳೆಯುತ್ತದೆ.

ಮೀನು ಬಿಲ್ಲಿನಂತೆ ಏಕೆ ಕಾಣುತ್ತದೆ? 20 ಡಿಗ್ರಿ ಅಗಲದ ಶಂಕು, 20 ಮೀಟರ್ ಆಳದಲ್ಲಿ ಒಂದು ಮೀನು ಎಂದುಕೊಳ್ಳಿ. ಅದು ಶಂಕುವಿನ ಅಂಚಿನಲ್ಲಿದ್ದಾಗ ದೂರ 20 ÷ ಕಾಸ್ 10° = 20.3 ಮೀಟರ್. ನೇರ ಕೆಳಗೆ ಬಂದಾಗ 20. ದಾಟಿದ ಮೇಲೆ ಮತ್ತೆ 20.3. ದೂರ ಕಡಿಮೆಯಾಗಿ ಮತ್ತೆ ಹೆಚ್ಚಾದದ್ದೇ ಆ ಬಿಲ್ಲು. ಬೂತಾಯಿ, ಬಂಗುಡೆಯಂಥ ಮೀನುಗಳ ದಟ್ಟ ಗುಂಪಿನಲ್ಲಿ ಬಿಡಿ ಬಿಲ್ಲು ಕಾಣದು. ಇಡೀ ಗುಂಪು ಮೋಡದ ತುಂಡಿನಂತೆ ಮೂಡುತ್ತದೆ.

ಬಣ್ಣ ಹೇಳುವುದು ಪ್ರತಿಧ್ವನಿಯ ಬಲವನ್ನು, ಮೀನಿನ ಜಾತಿಯನ್ನಲ್ಲ. ಹಲವು ಯಂತ್ರಗಳಲ್ಲಿ ಕೆಂಪು ಅತಿ ಬಲದ್ದು. ಕಲ್ಲಿನ ತಳ ದಪ್ಪವಾಗಿ ಕಂಡು, ಅದರ ಎರಡರಷ್ಟು ಆಳದಲ್ಲಿ ಇನ್ನೊಂದು ಸುಳ್ಳು ತಳವನ್ನೂ ತೋರಿಸಬಹುದು. ಧ್ವನಿ ತಳಕ್ಕೂ ನೀರಿನ ಮೇಲ್ಮೈಗೂ ಎರಡು ಬಾರಿ ಓಡಾಡಿದ್ದರ ಗುರುತು ಅದು. ಕೆಸರಿನ ತಳ ಧ್ವನಿಯನ್ನು ಹೀರುವುದರಿಂದ ಮಸುಕು. ಕಲ್ಲಿಗೆ ಸಿಕ್ಕಿ ಬಲೆ ಹರಿದುಕೊಂಡವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಏನೂ ಕಾಣದಿದ್ದಾಗ ಗೇನ್ ಹೆಚ್ಚಿಸುವುದು ಎಲ್ಲರ ಅಭ್ಯಾಸ. ಗೇನ್ ಹೆಚ್ಚಿಸುವುದೆಂದರೆ ಕಿವಿ ಚುರುಕು ಮಾಡುವುದು. ಆಗ ಮೀನಿನ ಜತೆಗೆ ಗುಳ್ಳೆ, ಕಸ, ಎಂಜಿನ್ ಸದ್ದು ಎಲ್ಲವೂ ಕೇಳುತ್ತದೆ. ಪರದೆ ಚುಕ್ಕೆಗಳಿಂದ ತುಂಬುವವರೆಗೆ ಹೆಚ್ಚಿಸಿ, ನಂತರ ಚುಕ್ಕೆಗಳು ಮರೆಯಾಗುವಷ್ಟು ತಗ್ಗಿಸಿ. ವೇಗ ಕಡಿಮೆ ಮಾಡಿದ ಕೂಡಲೇ ಮೀನುಗಳೆಲ್ಲ ಮಾಯವಾದರೆ ಅವು ಮೀನುಗಳಾಗಿರಲಿಲ್ಲ.

ಆಳದ ಅಂಕಿಯನ್ನು ನಂಬುವ ಮುನ್ನ

ಮೀನು ತಪ್ಪಿದರೆ ಒಂದು ದಿನ ನಷ್ಟ, ಆಳ ತಪ್ಪಿದರೆ ಜೀವಕ್ಕೇ ಅಪಾಯ. ಮೊದಲು ಯಂತ್ರದ ಅಳತೆ ಮೀಟರಿನಲ್ಲೋ ಅಡಿಯಲ್ಲೋ ಮಾರಿನಲ್ಲೋ ನೋಡಿಕೊಳ್ಳಿ. 10 ಎಂಬ ಅಂಕಿ ಮಾರಾದರೆ 18 ಮೀಟರ್, ಅಡಿಯಾದರೆ ಬರೀ 3 ಮೀಟರ್. ಎರಡನೆಯದಾಗಿ, ಯಂತ್ರ ಅಳೆಯುವುದು ಟ್ರಾನ್ಸ್‌ಡ್ಯೂಸರಿನಿಂದ ಕೆಳಗೆ. ಫ್ಯಾನ್ ಅದಕ್ಕಿಂತ ಕೆಳಗಿದ್ದರೆ ಆ ಅಂತರವನ್ನು ಕಳೆಯಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸಾಮಾನ್ಯ ಫಿಶ್ ಫೈಂಡರ್ ನೇರ ಕೆಳಗೆ ನೋಡುತ್ತದೆ, ಮುಂದೆ ನೋಡುವುದಿಲ್ಲ. ಹೂಳು ತುಂಬಿದ ಅಳಿವೆಯಲ್ಲಿ ಅಂಕಿ 2ಕ್ಕೆ ಇಳಿದಾಗ ನೀವು ಆಗಲೇ ಮರಳದಿಬ್ಬದ ಮೇಲಿರುತ್ತೀರಿ. ಅಲ್ಲಿ ಇಳಿತ-ಭರತದ ತಿಳಿವಳಿಕೆ, ಅಲೆ ಒಡೆಯುವ ಜಾಗದ ಗುರುತು, ತಾಂಡೇಲರ ಅನುಭವ ಇವಕ್ಕೆ ಯಂತ್ರ ಬದಲಿಯಲ್ಲ.

ಕೊನೆಯ ಮಾತು

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಮೀನು ಸಿಗಬಹುದಾದ ಪ್ರದೇಶಗಳ ಸೂಚನೆ ಕೊಡುತ್ತದೆ. ಅಲ್ಲಿಗೆ ತಲುಪಿದ ಮೇಲೆ ದೋಣಿಯ ಕೆಳಗೇನಿದೆ ಎಂದು ಫಿಶ್ ಫೈಂಡರ್ ತೋರಿಸುತ್ತದೆ. ಎರಡೂ ಇದ್ದರೆ ಸುಮ್ಮನೆ ಅಲೆಯುವ ಇಂಧನ ಉಳಿಯುತ್ತದೆ. ಆದರೆ ಕೆಳಗಿರುವುದು ಬಲಿತ ಮೀನೋ ಮರಿಗಳೋ ಎಂದು ಆ ಕೆಂಪು ಮೋಡ ಹೇಳುವುದಿಲ್ಲ. ಮೊದಲ ಬಲೆಯಲ್ಲಿ ಮರಿಗಳೇ ಬಂದರೆ ಅದೇ ಗುಂಪಿಗೆ ಎರಡನೇ ಬಾರಿ ಬಲೆ ಬಿಡದಿರುವುದು ನಮ್ಮ ಕೈಯಲ್ಲಿದೆ. ಸಮುದ್ರದ ಅನ್ನ ಅಲ್ಲಾಹನು ಕೊಟ್ಟ ನಿಅಮತ್. ಅದರಲ್ಲಿ ಇಸ್ರಾಫ್ ಸಲ್ಲದು ಎಂದು ಮನೆಯಲ್ಲಿ ಕೇಳುತ್ತಲೇ ಬೆಳೆದವರು ನಾವು.

ಮನೆಯಲ್ಲಿ ದೋಣಿ ಇರುವ ಗೆಳೆಯರು ಈ ರಜೆಯಲ್ಲಿ ಒಮ್ಮೆ ಟ್ರಾನ್ಸ್‌ಡ್ಯೂಸರ್ ಎಲ್ಲಿದೆ ಎಂದು ಬಗ್ಗಿ ನೋಡಿ. ದೋಣಿ ಇಲ್ಲದವರು ಕೆಳಗಿನ ಲೆಕ್ಕಗಳನ್ನು ಮಾಡಿ.

ಅಭ್ಯಾಸ

1. ಪ್ರತಿಧ್ವನಿ 0.06 ಸೆಕೆಂಡಿನಲ್ಲಿ ಮರಳಿತು. ಆಳವೆಷ್ಟು?
2. ಧ್ವನಿಯ ಒಂದು ಮಿಡಿತ 0.0001 ಸೆಕೆಂಡ್ ಇರುತ್ತದೆ. ಒಂದರ ಕೆಳಗೊಂದು ಇರುವ ಎರಡು ಮೀನುಗಳು ಬೇರೆಬೇರೆಯಾಗಿ ಕಾಣಲು ಅವುಗಳ ನಡುವೆ ಕನಿಷ್ಠ ಎಷ್ಟು ಅಂತರ ಬೇಕು? ತಳಕ್ಕೆ ಅಂಟಿಕೊಂಡ ಮೀನು ಏಕೆ ಕಾಣುವುದಿಲ್ಲ?
3. ಪರದೆಯಲ್ಲಿ ಆಳ 3 ಮೀಟರ್. ಫ್ಯಾನಿನ ತುದಿ ಟ್ರಾನ್ಸ್‌ಡ್ಯೂಸರಿಗಿಂತ 0.4 ಮೀಟರ್ ಕೆಳಗಿದೆ. ಫ್ಯಾನಿನ ಕೆಳಗೆ ನೀರೆಷ್ಟು?
4. 20 ಡಿಗ್ರಿ ಶಂಕು 30 ಮೀಟರ್ ಆಳದ ತಳದಲ್ಲಿ ಎಷ್ಟು ಅಗಲದ ವೃತ್ತವನ್ನು ನೋಡುತ್ತದೆ?

ಉತ್ತರಗಳು: 1) 45 ಮೀಟರ್. 2) 1,500 × 0.0001 ÷ 2 = 7.5 ಸೆಂಟಿಮೀಟರ್, ಅದಕ್ಕಿಂತ ತಳಕ್ಕೆ ಹತ್ತಿರವಿರುವ ಮೀನಿನ ಪ್ರತಿಧ್ವನಿ ತಳದ ಪ್ರತಿಧ್ವನಿಯೊಂದಿಗೆ ಬೆರೆತುಹೋಗುತ್ತದೆ. 3) 2.6 ಮೀಟರ್. 4) 2 × 30 × ಟ್ಯಾನ್ 10° = ಸುಮಾರು 10.6 ಮೀಟರ್.